ಮೂರು ಹೊತ್ತಿನ ಗಿಣ್ಣ

ಮುಶಿಗೇರಿಯ ಅಮೋಘಸಿದ್ದನ ಮನೆಯಲ್ಲಿ ಆ ವರ್ಷ ಆಡುಗಳು ಈಯತೊಡಗಿದ್ದೂ ಮರಿಗಳು ಸಾಯತೊಡಗಿದ್ದೂ ಒಂದೇ ವಾರದಲ್ಲಿ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ ಅದು. ಚಾವಡಿಯ ಕಟ್ಟೆಯ ಮೇಲೆ ಕೂತವರು ಹೊಸ ಸರಕಾರ ಹೇಗೆ, ಏನು ಎಂದು ಮಾತಾಡಿಕೊಂಡು ಹೊತ್ತು ಕಳೆಯುತ್ತಿದ್ದರು. ಅಮೋಘಸಿದ್ದನಿಗೆ ಆ ಕಟ್ಟೆಯ ಕಡೆ ಹಾಯುವುದಕ್ಕೂ ಪುರುಸೊತ್ತಿರಲಿಲ್ಲ. ಬೆಳಗಾದರೆ ಆಡಿನ ದಡ್ಡಿಯ ಬಾಗಿಲು ತೆಗೆದು, ಯಾವ ಮರಿಗೆ ಭೇದಿ ಹತ್ತಿತು, ಯಾವುದು ಕಾಲು ಚಾಚಿತು ಎಂದು ನೋಡುವುದೇ ಅವನಿಗೆ ಕೆಲಸವಾಗಿತ್ತು.

ಹುಟ್ಟಿದ ದಿನ ಚಂಗನೆ ನೆಗೆದ ಮರಿ ಮರುದಿನ ಮಂಕಾಗಿ ಮೂಲೆ ಹಿಡಿಯುತ್ತಿತ್ತು. ಬಾಲದ ಕೆಳಗೆ ಹಳದಿ ನೀರು ಸೋರಿ ಹಿಂಗಾಲೆಲ್ಲ ಅಂಟಂಟಾಗುತ್ತಿತ್ತು. ಕಣ್ಣು ಗುಳಿ ಬೀಳುತ್ತಿತ್ತು. ಬಾಯೊಳಗೆ ಬೆರಳಿಟ್ಟು ನೋಡಿದರೆ ತಣ್ಣಗಿರುತ್ತಿತ್ತು; ಬಾಯಿ ತಣ್ಣಗಾಯಿತೆಂದರೆ ಮುಗಿಯಿತು. ಪ್ರತಿ ವರ್ಷವೂ ಒಂದೆರಡು ಮರಿ ಹೀಗೆ ಹೋಗುತ್ತಿದ್ದವು. ದೇವರು ಕೊಟ್ಟ, ದೇವರು ಒಯ್ದ ಎಂದು ಸುಮ್ಮನಾಗುತ್ತಿದ್ದರು. ಈ ವರ್ಷ ಅಕಾಲದಲ್ಲಿ ಮಳೆ ಬಿದ್ದು ದಡ್ಡಿಯ ನೆಲ ಆರಲೇ ಇಲ್ಲ. ದೇವರು ಒಯ್ಯುವುದಕ್ಕೂ ಒಂದು ಮಿತಿ ಬೇಡವೇ ಅನ್ನುವಷ್ಟು ಮರಿ ಹೋದವು.

ಮನೆಯಲ್ಲಿದ್ದವರು ನಾಲ್ಕು ಜನ. ಅಮೋಘಸಿದ್ದ, ಅವನ ಹೆಂಡತಿ ಹೊಳೆವ್ವ, ಮಗ ಅಯ್ಯಪ್ಪ, ಸೊಸೆ ಕಳಕವ್ವ. ಕಳಕವ್ವ ಪುರ್ತಗೇರಿಯ ಹೆಣ್ಣು, ಈಗ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಿತ್ತು. ಗಂಡು ಕೂಸು, ಹುಟ್ಟಿದ ಐದನೇ ದಿನ, ಶೆಟಗೆವ್ವನ ಪೂಜೆಯಂದೇ ಹೊಟ್ಟೆ ಕೆಟ್ಟು ತೀರಿಕೊಂಡಿತ್ತು. ಮೊಮ್ಮಗನ ಮುಖವನ್ನೇ ನೋಡದ ಹೊಳೆವ್ವ ಆ ಸಿಟ್ಟನ್ನು ಬೀಗಿತ್ತಿಯ ಮೇಲೆ ಹೊರಿಸಿದ್ದಳು. “ನಿಮ್ಮವ್ವ ನೆಟ್ಟಗ ಬಾಣಂತನ ಮಾಡ್ಲಿಲ್ಲ. ನನ್ನ ಕೈಯಾಗ ಹುಟ್ಟಿದ್ರ ಇಷ್ಟೊತ್ತಿಗೆ ಅಂಗಳದಾಗ ಓಡ್ಯಾಡತಿದ್ದ,” ಎಂಬ ಮಾತು ರೊಟ್ಟಿಗೆ ಚಟ್ನಿ ಇದ್ದ ಹಾಗೆ ಆ ಮನೆಯಲ್ಲಿ ದಿನಾ ಇರುತ್ತಿತ್ತು. ಹೊಳೆವ್ವ ಕೆಟ್ಟ ಹೆಂಗಸಲ್ಲ. ಸೊಸೆಗೆ ಬಿಸಿರೊಟ್ಟಿ ಹಾಕಿ ತಾನು ತಂಗಳು ತಿನ್ನುವವಳು. ಆದರೆ ಆ ಬಿಸಿರೊಟ್ಟಿ ಗಂಟಲಲ್ಲಿ ಇಳಿಯದಂಥ ಒಂದು ಮಾತನ್ನೂ ಜೊತೆಗೇ ಬಡಿಸುವವಳು.

ಇನ್ನು ಆ ಮನೆಯ ಒಂದು ಪದ್ಧತಿ ಹೇಳಬೇಕು. ಅಯ್ಯಪ್ಪ ಕೂಸಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವ ಹಾಗಾಗಿದ್ದ. ಆಗ ಹೊಳೆವ್ವ ಬೀರದೇವರ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳು: ಮಗ ಉಳಿದರೆ ಮನೆಯಲ್ಲಿ ಈದ ಪ್ರತಿ ಆಡಿನ ಮೊದಲ ಮೂರು ಹೊತ್ತಿನ ಗಿಣ್ಣ ನಿನ್ನದು, ಅಲ್ಲಿಯ ತನಕ ಮರಿಯನ್ನೂ ಬಾಯಿ ಹಚ್ಚಗೊಡುವುದಿಲ್ಲ. ಮಗ ಉಳಿದ. ಅಂದಿನಿಂದ ಆಡು ಈದ ಕೂಡಲೇ ಮರಿಯನ್ನು ಎತ್ತಿ ಬೇರೆ ಇಟ್ಟು, ಮೇಲೆ ಬುಟ್ಟಿ ಬೋರಲು ಹಾಕುವುದು. ಮೂರು ಹೊತ್ತು ಗಿಣ್ಣದ ಹಾಲು ಹಿಂಡಿ, ಬೆಲ್ಲ ಹಾಕಿ ಕಾಸಿ, ದೇವರಿಗೆ ಎಡೆ ಹಿಡಿದು, ಓಣಿಗೆಲ್ಲ ಹಂಚುವುದು. ಮರಿ ಹಸಿದು ಒದರಿದರೆ ಬಟ್ಟೆಯ ಬತ್ತಿಯನ್ನು ಜೋಳದ ಗಂಜಿಯಲ್ಲಿ ಅದ್ದಿ ಬಾಯಿಗೆ ಇಡುವುದು. ಆ ಬತ್ತಿ ಹಿಡಿಯುವ ಕೆಲಸ ಈಗ ಕಳಕವ್ವನದು.

ಒಂದು ಸಂಜೆ ಊಟಕ್ಕೆ ಕೂತಾಗ ಅಮೋಘಸಿದ್ದ ಗಂಗಾಳದ ರೊಟ್ಟಿ ಮುರಿಯದೆ ಹೇಳಿದ, “ಕರಿ ಆಡಿನ ಮರಿ ಹೋದುವು. ಜೋಡ ಮರಿ. ಎರಡೂ ಹೋದುವು.”

“ಹೋಗದ ಏನ ಮಾಡ್ತಾವ್ರಿ?” ಹೊಳೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕೂಸಿನ್ನ ಮಣ್ಣಿಗೆ ಕೊಟ್ಟ ಕೈ ಹಸಿಮರಿ ಮುಟ್ಟಿದ್ರ ಅವು ಉಳೀತಾವೇನು?”

ಪುಂಡಿಪಲ್ಲೆ ಬಡಿಸುತ್ತಿದ್ದ ಕಳಕವ್ವನ ಕೈ ಅಲ್ಲೇ ನಿಂತಿತು.

“ಯವ್ವಾ, ಸುಮ್ನ ಕುಂದರ ನೀ,” ಎಂದ ಅಯ್ಯಪ್ಪ.

“ನಾ ಯಾಕ ಸುಮ್ನ ಕುಂದರ್ಲಿ? ನನ್ನ ಕೈಯಾಗ ಇಷ್ಟ ವರ್ಷ ಮರಿ ಬೆಳದಿಲ್ಲೇನು?”

“ನಿನ್ನ ಕೈಯಾಗೂ ಸತ್ತಾವು.”

“ಹಿಂಗ ಸತ್ತಿದ್ದಿಲ್ಲ. ನಾಳಿಂದ ಇಕಿ ದಡ್ಡಿ ಹೊಸ್ತಿಲಾ ದಾಟೂದು ಬ್ಯಾಡ. ಹೊಟ್ಟ್ಯಾಗಿಂದಕ್ಕರ ಏನೂ ಆಗದಿರಲಿ.”

“ಊಟದಾಗ ಇಂಥಾ ಮಾತ ಯಾಕ?” ಎಂದು ಅಮೋಘಸಿದ್ದ ಗೊಣಗಿದ. ಅವನು ಗೊಣಗುವುದರಲ್ಲೇ ಆಯುಷ್ಯ ಕಳೆದ ಮನುಷ್ಯ. ಹೆಂಡತಿಯ ಮಾತಿಗೆ ಅಡ್ಡ ಹೋಗಿ ಗೊತ್ತಿರಲಿಲ್ಲ.

ಕಳಕವ್ವ ಅಂದು ಉಣ್ಣಲಿಲ್ಲ. ಮರುದಿನ ಮುಂಜಾನೆ ಅಯ್ಯಪ್ಪ ಬಾವಿಗೆ ಹೊರಟಾಗ ಹಿತ್ತಲಲ್ಲಿ ಅವನನ್ನು ನಿಲ್ಲಿಸಿದಳು.

“ಕುಂಟ ಆಡಿನ ಮರಿಗೆ ನಿನ್ನೆಯಿಂದ ಭೇದಿ ಹತ್ತೈತಿ. ಅದನ್ನ ಗಜೇಂದ್ರಗಡದ ದನದ ದವಾಖಾನಿಗೆ ಒಯ್ರಿ.”

“ಅದು ದಾರ್‍ಯಾಗ ಸಾಯ್ತೈತಿ.”

“ಸತ್ತರೂ ತೋರಸ್ರಿ. ನನ್ನ ಕೈಯಾಗ ವಿಷ ಐತೇನ ಕೇಳಿಕೊಂಡ ಬರ್ರಿ. ಇದ್ರ ಇದ್ದದ್ದ ಹೇಳ್ಲಿ. ಹುಟ್ಟೂ ಕೂಸಿನ್ನ ನಾ ಮುಟ್ಟಂಗಿಲ್ಲ, ನೀವ ಎತ್ತಿಕೊಳ್ರಿ.”

ಹುಡುಗಿ ಚೇಷ್ಟೆಗೆ ಹೇಳುತ್ತಿಲ್ಲ, ಅತ್ತೆಯ ಮಾತನ್ನು ಅರ್ಧ ನಂಬಿಬಿಟ್ಟಿದ್ದಾಳೆ ಎಂದು ಅಯ್ಯಪ್ಪನಿಗೆ ಆಗ ತಿಳಿಯಿತು. ಬಾವಿಯ ಕೆಲಸ ಬಿಟ್ಟು, ಅಪ್ಪನನ್ನೂ ಎಬ್ಬಿಸಿಕೊಂಡು, ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೊರಟ. ಅವನು ಹೇಳಿದಂತೆಯೇ ಮರಿ ದಾರಿಯಲ್ಲಿ ಸತ್ತಿತು.

ದವಾಖಾನೆಯ ಡಾಕ್ಟರ ಕುತುಬುದ್ದೀನ ಅವರು ಕಂಬಳಿ ಬಿಚ್ಚಿ ನೋಡಿ, ಹಿತ್ತಲ ಬೇವಿನ ಗಿಡದ ಕೆಳಗೆ ಹಲಗೆಯ ಮೇಲೆ ಮರಿಯನ್ನು ಮಲಗಿಸಿ ಹೊಟ್ಟೆ ಸೀಳಿದರು. ಕರುಳು ತೆಳ್ಳಗಾಗಿ ಉಬ್ಬಿತ್ತು. ಜಠರವನ್ನು ಕೊಯ್ದು ತೋರಿಸಿದರು.

“ಹಾಲ ಎಲ್ಲೈತಿ ಇದರಾಗ?”

ಅಪ್ಪ ಮಗ ಬಗ್ಗಿ ನೋಡಿದರು.

“ಹುಟ್ಟಿದ ಮರಿ ಹೊಟ್ಟ್ಯಾಗ ಹೆಪ್ಪಗಟ್ಟಿದ ಗಿಣ್ಣ ಇರಬೇಕು. ಇದರಾಗ ಬರೇ ಹುಳಿನೀರ ಐತಿ. ಏನ ಕುಡಿಸಿದ್ರಿ?”

“ಜೋಳದ ಗಂಜಿರೀ. ಬತ್ತೀಲೆ,” ಎಂದ ಅಯ್ಯಪ್ಪ.

“ಗಿಣ್ಣ ಏನ ಮಾಡಿದ್ರಿ?”

“ಅದು ದೇವರದ್ರಿ ಸಾಹೇಬ್ರ,” ಎಂದ ಅಮೋಘಸಿದ್ದ. ಹರಕೆಯ ಕಥೆಯನ್ನೆಲ್ಲ ಹೇಳಿದ. ಡಾಕ್ಟರರು ನಗಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತರು.

“ನಿಮ್ಮ ದೇವರ ಮಾತಿಗೆ ನಾ ಬರಂಗಿಲ್ಲ, ಹಿರ್ಯಾರ. ಮರಿ ಮಾತಷ್ಟ ಹೇಳ್ತೀನಿ. ಕಣ್ಣಿಗೆ ಕಾಣದಂಥಾ ಜಂತು ಅದಾವು. ಸಗಣ್ಯಾಗ, ಹಸಿ ನೆಲದಾಗ, ಹೊಲಸ ಕೆಚ್ಚಲದಾಗ, ನಿಮ್ಮ ಆ ಬತ್ತ್ಯಾಗ, ಎಲ್ಲಾ ಕಡೆ ಅದಾವು. ದೊಡ್ಡ ಆಡಿಗೆ ಅವು ಏನೂ ಮಾಡಂಗಿಲ್ಲ. ಹಸಿಮರಿ ಹೊಟ್ಟಿಗೆ ಹೋದ್ರ ಭೇದಿ ಹಚ್ಚಿ ಕೊಲ್ಲತಾವು. ಅದನ್ನ ತಡಕೊಳ್ಳೂ ಶಕ್ತಿ ಮರಿ ಹುಟ್ಟತ ತರಂಗಿಲ್ಲ. ತಾಯಿ ಗಿಣ್ಣದಾಗ ಬರ್ತೈತಿ. ಅದೂ ಮೊದಲನೇ ದಿನದ ಗಿಣ್ಣದಾಗ. ಆಮ್ಯಾಲೆ ಕೊಡ ತುಂಬ ಹಾಲ ಕುಡಿಸಿದ್ರೂ ಬರಂಗಿಲ್ಲ.”

“ಔಷಧ ಇಲ್ಲೇನ್ರಿ?”

“ಇದ್ದದ್ದ ಕೊಡ್ತೀನಿ. ಆದ್ರ ಭೇದಿ ಹತ್ತಿದ ಮ್ಯಾಲೆ ಉಳಸೂದು ಕಷ್ಟ. ಹತ್ತದಂಗ ಮಾಡೂದು ಹಗರ. ಬತ್ತಿ ಸುಡ್ರಿ. ದಡ್ಡಿಗೆ ಒಣಮಣ್ಣು, ಸುಣ್ಣ ಹಾಕ್ರಿ. ಬೆಚ್ಚನ್ನ ನೀರಿಲೆ ಕೆಚ್ಚಲಾ ತೊಳದು, ಮರಿ ನೆಲಕ್ಕ ಬಿದ್ದ ಕೂಡ್ಲೇ ಮಲಿಗೆ ಹಚ್ಚರಿ.”

ಏಳುವಾಗ ಅಯ್ಯಪ್ಪ ತಡವರಿಸುತ್ತ ಕೇಳಿದ, “ಮುಟ್ಟಿದವರ ಕೈಗುಣದಿಂದ ಸಾಯ್ತಾವೇನ್ರಿ?”

“ಕೈ ತೊಳಕೊಂಡ ಮುಟ್ಟಿದ್ರ ಯಾರ ಕೈಯಾದ್ರೇನಪಾ?”

ಆ ಒಂದು ಮಾತನ್ನು ಅಯ್ಯಪ್ಪ ಗಜೇಂದ್ರಗಡದಿಂದ ಮುಶಿಗೇರಿಯವರೆಗೂ ಬಾಯಿಪಾಠ ಮಾಡುತ್ತ ಬಂದ. ಮನೆಗೆ ಬಂದು ಎಲ್ಲರೆದುರು ಹೇಳಿದ. ಕಳಕವ್ವ ಹಿಟ್ಟು ಸಾಣಿಸುತ್ತಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟೋ ಕಣ್ಣೀರೋ ಯಾರೂ ಕೇಳಲಿಲ್ಲ.

ಹೊಳೆವ್ವ ಮಾತ್ರ ಎದ್ದು ನಿಂತಳು. “ದೇವರ ಗಿಣ್ಣಾ ಮರಿಗೆ ಕುಡಸಬೇಕಾ? ಆಮ್ಯಾಲೆ ದೇವರ ನನ್ನ ಮಗನ್ನ ಕೇಳಿದ್ರ ನಿಮ್ಮ ಡಾಕ್ಟರ ಕೊಡ್ತಾನೇನು?”

“ದೇವರಿಗೆ ಕೊಡೂದು ಬ್ಯಾಡ ಅಂದವರ ಯಾರು?” ಅಮೋಘಸಿದ್ದ ಆಯುಷ್ಯದಲ್ಲಿ ಮೊದಲ ಸಲ ಗೊಣಗದೆ ಮಾತಾಡಿದ. “ಮರಿ ಮೊದ್ಲ ಕುಡೀಲಿ. ನಾಕನೇ ಹೊತ್ತಿಂದ ದೇವರಿಗೆ ಕೊಡೂಣು.”

“ಎಂಜಲಾ ಆಗಂಗಿಲ್ಲೇನ್ರಿ?”

“ದೇವರನ್ನ ಕೇಳೂಣು. ಬಲಕ್ಕ ಹೂ ಕೊಟ್ರ ಕುಡಸೂದು, ಎಡಕ್ಕ ಕೊಟ್ರ ಬಿಡೂದು.”

ಇದಕ್ಕೆ ಹೊಳೆವ್ವ ಇಲ್ಲ ಎನ್ನುವ ಹಾಗಿರಲಿಲ್ಲ. ಸೋಮವಾರ ಮನೆಯವರೆಲ್ಲ ತಲೆಗೆ ನೀರು ಹಾಕಿಕೊಂಡು ಜಗಲಿಯ ಮುಂದೆ ಕೂತರು. ಅಮೋಘಸಿದ್ದ ಭಂಡಾರದ ಅರಿಸಿನ ಹಚ್ಚಿ, ನೆನೆಸಿದ ಹೂವಿನ ಎಸಳನ್ನು ಬೀರದೇವರ ಎರಡೂ ಭುಜಕ್ಕೆ ಅಂಟಿಸಿದ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು. ಬಲಗಡೆಯ ಎಸಳು ಮೆಲ್ಲಗೆ ಜಾರಿ ಬಿತ್ತು. ಬಲಗಡೆಯದನ್ನು ಮುದುಕ ಕೊಂಚ ಸಡಿಲವಾಗಿ ಅಂಟಿಸಿದ್ದನೇ? ನಾವು ನೋಡಿಲ್ಲ, ನೋಡಿದ್ದರೂ ಹೇಳುವವರಲ್ಲ. ಹೊಳೆವ್ವ ಕೆನ್ನೆ ಕೆನ್ನೆ ಬಡಿದುಕೊಂಡು, “ನೀ ಒಪ್ಪಿದ ಮ್ಯಾಲೆ ನಂದೇನೈತಿ, ನಮ್ಮಪ್ಪಾ,” ಎಂದಳು.

ಒಪ್ಪಿದ್ದೇ ತಡ, ಆಕೆ ಅರ್ಧಕ್ಕೆ ನಿಲ್ಲುವವಳಲ್ಲ. ಬುಟ್ಟಿಯನ್ನು ಗೂಟಕ್ಕೆ ನೇತುಹಾಕಿದಳು. ಬತ್ತಿಗಳನ್ನು ಒಲೆಗೆ ಹಾಕಿದಳು. ಗಂಡನಿಂದ ಬಂಡಿಗಟ್ಟಲೆ ಒಣಮಣ್ಣು ಹೊರಿಸಿ ದಡ್ಡಿ ತುಂಬಿಸಿದಳು. ಮುಂದಿನ ಆಡು ಈದಾಗ ತಾನೇ ಬಿಸಿನೀರಿನ ಚರಿಗೆ ಹಿಡಿದು ಕೂತು, ಕೆಚ್ಚಲು ತೊಳೆದು, ಮೈ ಆರದ ಮರಿಯ ಬಾಯನ್ನು ಮೊಲೆಗೆ ಹಚ್ಚಿದಳು. ಮರಿ ಉಳಿಯಿತು. ಅದರ ಮುಂದಿನದೂ ಉಳಿಯಿತು. ಆ ಮೇಲೆ ಈದ ಆಡುಗಳ ಮರಿಗಳಲ್ಲಿ ಒಂದಾದರೂ ಕಾಲು ಚಾಚಲಿಲ್ಲ.

ನಾಲ್ಕನೇ ಹೊತ್ತಿನ ಗಿಣ್ಣ ತೆಳ್ಳಗಿದ್ದರೂ ಬೀರದೇವರು ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಆ ಗಿಣ್ಣದ ದೊಡ್ಡ ತುಂಡನ್ನು ಹೊಳೆವ್ವ ಸೊಸೆಯ ಗಂಗಾಳಕ್ಕೆ ಹಾಕಿ, “ತಿನ್ನು. ಎರಡು ಜೀವ ಅದಾವು,” ಎಂದಳು. ಅಷ್ಟೇ. ತಪ್ಪಾಯಿತು ಎನ್ನುವ ಮಾತು ಆಕೆಯ ಬಾಯಲ್ಲಿ ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಕಳಕವ್ವನಿಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಅಷ್ಟನ್ನೂ ತಿಂದಳು.

ಆ ಕೆಲವು ವಾರ ಮನೆಯಲ್ಲಿ ಹಿಂದೆಂದೂ ಇಲ್ಲದ ಸುಖವಿತ್ತು. ಸೊಸೆಯ ತವರಿನ ಮೇಲಿನ ಕೊಂಕುಮಾತು ನಿಂತಿತು. ಅತ್ತೆ ಹಳೆಯ ರೇಷ್ಮೆ ಕುಪ್ಪಸ ಬಿಚ್ಚಿ ಕೂಸಿಗೆ ಕುಲಾಯಿ ಹೊಲಿದಳು. ಸೊಸೆಯ ಬಾತ ಕಾಲಿಗೆ ಎಣ್ಣೆ ತಿಕ್ಕುತ್ತ, “ಈ ಸಲ ಬಾಣಂತನ ನಂದು. ನೋಡ, ಹ್ಯಾಂಗ ಮಾಡ್ತೀನಿ,” ಎನ್ನುವಳು.

ಓಣಿಯಲ್ಲಿ ಹೊಳೆವ್ವ ಈಗ ಅರ್ಧ ಡಾಕ್ಟರೇ ಆಗಿದ್ದಳು. ಬಾವಿಕಟ್ಟೆಯಲ್ಲಿ ಯಾರ ಮನೆಯ ಆಡು ಈದ ಸುದ್ದಿ ಬಂದರೂ ಕೊಡ ಇಳಿಸಿ ನಿಲ್ಲುವಳು. “ಗಿಣ್ಣಾ ಕಾಸಿ ತಿನ್ನಾಕ ಗಡಿಬಿಡಿ ಮಾಡಬ್ಯಾಡ್ರೇ. ಮೊದ್ಲ ಮರಿ ಕುಡೀಲಿ. ಜಂತು ಇರ್ತಾವಂತ, ಕಣ್ಣಿಗೆ ಕಾಣಂಗಿಲ್ಲ. ಗಿಣ್ಣದಾಗ ಶಕ್ತಿ ಇರ್ತೈತಿ. ನಮ್ಮ ದೇವರ ಬಲಕ್ಕ ಹೂ ಕೊಟ್ಟಾನ.” ಹೆಂಗಸರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಮನೆಗೆ ಹೋಗಿ ಹಾಗೆಯೇ ಮಾಡುತ್ತಿದ್ದರು.

ಕಳಕವ್ವನಿಗೆ ಹೆರಿಗೆ ಬೇನೆ ಬಂದದ್ದು ಒಂದು ಮುಂಜಾನೆ, ಆಡುಗಳನ್ನು ಮೇವಿಗೆ ಹೊಡೆಯುವ ಹೊತ್ತಿಗೆ. ಸೂಲಗಿತ್ತಿ ಅಡಿವೆವ್ವ ಬಂದಳು. ಮಧ್ಯಾಹ್ನದೊಳಗೆ ಹೆಣ್ಣು ಕೂಸು ಹುಟ್ಟಿತು. ದುಂಡಗೆ, ತಲೆ ತುಂಬ ಕೂದಲು, ಓಣಿಗೆಲ್ಲ ಕೇಳುವ ದನಿ. ಹೆಣ್ಣು ಎಂದು ಹೊಳೆವ್ವ ಒಂಚೂರೂ ಮುಖ ಸಣ್ಣ ಮಾಡಲಿಲ್ಲ. “ನನ್ನ ಬಾಯಿ ತಗೊಂಡ ಹುಟ್ಟ್ಯಾಳ ನೋಡ್ರಿ!” ಎಂದು ಹೊರಗೆ ಕೂತ ಗಂಡಸರಿಗೆ ಕೂಗಿ ಹೇಳಿದಳು. ಅಮೋಘಸಿದ್ದ, “ಹಂಗಾದ್ರ ನಮ್ಮ ಗತಿ ಮುಗೀತು,” ಎಂದ. ಮಗನೂ ನಕ್ಕ.

ಒಳಗೆ ಅಡಿವೆವ್ವ ಬಾಣಂತಿಯ ಎದೆ ಒತ್ತಿ ನೋಡಿದಳು. ಹಳದಿಯಾಗಿ, ದಪ್ಪಗೆ, ಅಂಟಂಟು ಹಾಲು ಬಂತು.

“ಇದು ಕೆಟ್ಟ ಹಾಲು. ಕೂಸಿಗೆ ದಕ್ಕಂಗಿಲ್ಲ. ಮೂರು ದಿನಾ ಹಿಂಡಿ ಚೆಲ್ಲಬೇಕು,” ಎಂದಳು.

“ಅಷ್ಟ ನನಗ ಗೊತ್ತಿಲ್ಲೇನು?” ಎಂದಳು ಹೊಳೆವ್ವ.

ನೆಲಕ್ಕೆ ಬಿದ್ದರೆ ಯಾರಾದರೂ ತುಳಿದಾರು ಎಂದು ಬಾಣಂತಿ ಮಲಗುವ ಹೊರಸಿನ ಪಕ್ಕದ ಗೋಡೆಗೆ ಹಿಂಡಿದರು. ಕೂಸಿಗೆ ಮೊದಲು ಬೆರಳತುದಿಯಷ್ಟು ಔಡಲೆಣ್ಣೆ ನೆಕ್ಕಿಸಿದರು. ಆಮೇಲೆ ಬೆಲ್ಲದ ನೀರು. ಹೊಳೆವ್ವ ತನ್ನ ಹಳೆಯ ಸೀರೆಯ ಸೆರಗು ಹರಿದು ಬತ್ತಿ ಹೊಸೆದಳು. ಬಟ್ಟಲಿನಲ್ಲಿ ಅದ್ದಿ, ಕೂಸಿನ ಬಾಯಿಗಿಟ್ಟು, ಅದು ಚಪ್ಪರಿಸುವುದನ್ನು ನೋಡಿ ಹಿಗ್ಗಿದಳು. ಕುಡಿಸಿ ಆದ ಮೇಲೆ ಬತ್ತಿಯನ್ನು ಬಟ್ಟಲಿನಲ್ಲೇ ಬಿಟ್ಟು ಹೊರಸಿನ ಕೆಳಗೆ ಇಡುತ್ತಿದ್ದಳು.

ಮರುದಿನ ಕಳಕವ್ವನ ಎದೆ ಕಲ್ಲಾಯಿತು. ಕೂಸು ಅತ್ತರೆ ಹಾಲು ತಾನಾಗಿಯೇ ಸೋರಿ ಕುಪ್ಪಸ ತೊಯ್ಯುತ್ತಿತ್ತು.

“ಅತ್ತಿ, ಎದಿ ಬಿಗದ ಸಿಡಿಯಾಕತ್ತೈತಿ. ಒಮ್ಮಿ ಹಚ್ಚಲೇನ್ರಿ?”

“ಹುಚ್ಚಿ! ಇನ್ನೂ ಹಳದಿ ಐತಿ. ತಡಕೋ. ಹಿಂಡತೀನಿ ಬಾ, ಹಗರ ಆಗ್ತೈತಿ.”

ಹೊಳೆವ್ವ ಮೆಲ್ಲನೆ, ನೋಯದ ಹಾಗೆ ಹಿಂಡಿದಳು. ಗೋಡೆಯ ಕಲೆ ಇನ್ನೂ ಅಗಲವಾಯಿತು. ಕಳಕವ್ವನಿಗೆ ಎದೆಯ ಬಿಗುವು ಇಳಿದು ನಿದ್ದೆ ಹತ್ತಿತು. ಅತ್ತೆಯ ಕೈ ಎಷ್ಟು ಹಗುರ ಎಂದು ಅವಳಿಗೆ ಅನಿಸಿತ್ತಂತೆ. ಹೊರಗೆ ದಡ್ಡಿಯಲ್ಲಿ ಉಳಿದ ಮರಿಗಳು ಜಿಗಿದಾಡುತ್ತಿದ್ದವು.

ಕಡೆಗೆ ಬಿಳಿಹಾಲು ಬಂತು, ಕೂಸನ್ನು ಎದೆಗೆ ಹಚ್ಚಿದರು. ಅದು ಕುಡಿಯಲಿಲ್ಲ. ಹಿಂದಿನ ಸಂಜೆಯೇ ಅದಕ್ಕೆ ಭೇದಿ ಹತ್ತಿತ್ತು. ನೀರಿನಂತೆ, ಹಸಿರು ಹಳದಿಯಾಗಿ, ಬಟ್ಟೆ ಬದಲಿಸುವುದರೊಳಗೆ ಇನ್ನೊಂದು ಬಟ್ಟೆ. ಅಡಿವೆವ್ವ ದೃಷ್ಟಿ ಎಂದಳು, ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ಹೊಳೆವ್ವ ಭಂಡಾರ ಹಚ್ಚಿ ದೇವರ ಮುಂದೆ ಹೊರಳಾಡಿದಳು. ಓಣಿಗೆಲ್ಲ ಕೇಳುತ್ತಿದ್ದ ದನಿ ಮಗ್ಗುಲಲ್ಲಿದ್ದವರಿಗೂ ಕೇಳದಷ್ಟು ಸಣ್ಣದಾಯಿತು.

“ರೋಣದ ದವಾಖಾನಿಗೆ ಒಯ್ಯೂಣು,” ಎಂದ ಅಯ್ಯಪ್ಪ.

“ಹಸಿ ಬಾಣಂತೀನ ಗಾಳ್ಯಾಗ ಒಯ್ತೀಯೇನೋ?”

“ಬಾಣಂತಿ ಮಾತ ಆಮ್ಯಾಲೆ ಯವ್ವಾ, ಕೂಸ ನೋಡ!”

ಬಂಡಿ ಕಟ್ಟಿದರು. ಕಳಕವ್ವ ಕಂಬಳಿ ಹೊದ್ದು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಊರು ದಾಟಿ ಎರೆಹೊಲದ ದಾರಿ ಹಿಡಿದ ಮೇಲೆ ಅವಳು ಕೂಸಿನ ತುಟಿ ಬಿಡಿಸಿ, ಬಾಯೊಳಗೆ ಬೆರಳಿಟ್ಟು ನೋಡಿದಳು. ಆಡಿನ ಮನೆಯ ಹೆಣ್ಣು. ಆ ತಣ್ಣಗಿನದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಬಂಡಿ ತಿರುವ್ರಿ,” ಎಂದಳು.

“ಇನ್ನ ಸ್ವಲ್ಪ ದೂರ ಐತಿ...”

“ತಿರುವ್ರಿ.”

ಹೊಲದ ಬದುವಿನ ಬನ್ನಿಗಿಡದ ಕೆಳಗೆ ಮಣ್ಣು ಮಾಡಿದರು. ಹೊಳೆವ್ವ ಕುಲಾಯಿಯನ್ನೂ ಜೊತೆಗೇ ಇಡಲು ಹೇಳಿದಳು. ಅಮೋಘಸಿದ್ದ ಬರಿಗೈಯಿಂದಲೇ ಮಣ್ಣು ಎಳೆದು ಮುಚ್ಚಿದ.

ಅದೇ ದಿನ ಸಂಜೆ ಪುರ್ತಗೇರಿಯಿಂದ ಕಳಕವ್ವನ ತಾಯಿ ಶೇಖವ್ವ ಬಂದಳು. ಹೆಣ್ಣು ಹುಟ್ಟಿದ ಸುದ್ದಿಯಷ್ಟೇ ಆಕೆಗೆ ಮುಟ್ಟಿತ್ತು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಅಂಟಿನ ಉಂಡಿ, ಒಣಕೊಬ್ಬರಿ, ತೊಟ್ಟಿಲಿಗೆ ಕೌದಿ. ಬಾಗಿಲಲ್ಲಿ ನಿಂತ ಬೀಗಿತ್ತಿಯ ಮುಖ ನೋಡಿ ಬುಟ್ಟಿ ಇಳಿಸಲೂ ಮರೆತು ನಿಂತುಬಿಟ್ಟಳು.

ಹೊಳೆವ್ವ ಅವಳ ಬಾಯಿಂದ ಒಂದು ಮಾತಿಗಾಗಿ ಕಾದಳು. ಎರಡು ವರ್ಷ ತಾನು ಆಡಿದ್ದ ಮಾತು ಈಗ ತಿರುಗಿ ಬರಬೇಕಲ್ಲ. ಬರಲಿ, ಬಂದರೆ ತಾನೂ ನಾಲ್ಕು ಬೈದು, ಅತ್ತು, ಎದೆ ಹಗುರ ಮಾಡಿಕೊಳ್ಳಬಹುದು ಎಂದು ಬಾಗಿಲ ಚೌಕಟ್ಟು ಹಿಡಿದು ಕಾದಳು. ಶೇಖವ್ವ ಒಳಗೆ ಹೋಗಿ, ಮಗಳ ತಲೆ ನೇವರಿಸಿ, ಕೌದಿಯ ಅಂಚು ಹರಿದು, ಹಾಲು ಬತ್ತಲೆಂದು ಮಗಳ ಎದೆಗೆ ಬಿಗಿಯಾಗಿ ಕಟ್ಟಿದಳು. ಕಟ್ಟುತ್ತ ಒಂದೇ ಒಂದು ಮಾತು ಕೇಳಿದಳು: “ಬೀಗಿತ್ತಿ, ನೀವು ಉಂಡಿರೇನ್ರಿ?”

ಹೊಳೆವ್ವ ಆಗ ಅತ್ತಳು. ಬೈಗುಳ ತಿಂದಿದ್ದರೂ ಅಷ್ಟು ಅಳುತ್ತಿರಲಿಲ್ಲ.

ಶೇಖವ್ವ ಕೆಲವು ದಿನ ಇದ್ದು ಊರಿಗೆ ಹೋದಳು. ಮನೆಯಲ್ಲಿ ಮಾತು ಕಡಿಮೆಯಾಯಿತು. ರೊಟ್ಟಿ ಆಗುತ್ತಿತ್ತು, ಪಲ್ಲೆ ಆಗುತ್ತಿತ್ತು, ಉಂಡೆವೆಂದು ಎಲ್ಲರೂ ಏಳುತ್ತಿದ್ದರು. ಅಂಟಿನ ಉಂಡಿಯನ್ನು ಯಾರೂ ಮುಟ್ಟದೆ ಇರುವೆ ಮುತ್ತಿತು. ಕಳಕವ್ವ ಎದೆಯ ಕಟ್ಟು ಬಿಗಿದುಕೊಂಡು, ಹಿಟ್ಟು ಸಾಣಿಸಿ, ನೆಲ ಸಾರಿಸಿ, ಸುಮ್ಮನೆ ಕೂರುತ್ತಿದ್ದಳು. ನನ್ನ ಕೈಗುಣವೇ ಹೀಗೆ ಎಂದು ಅವಳು ಮತ್ತೆ ನಂಬತೊಡಗಿದ್ದಳು. ಮೇಯಲು ಹೋದ ಮರಿಗಳು ಸಂಜೆ ಬಂದು ಅವಳ ಸೆರಗು ಜಗಿಯುತ್ತಿದ್ದ ಅಭ್ಯಾಸ. ಈಗ ಅವು ಹತ್ತಿರ ಬಂದರೆ ಎದ್ದು ಒಳಗೆ ಹೋಗುವಳು. ಎರಡು ಕೂಸು ಮಣ್ಣಿಗೆ ಕೊಟ್ಟ ಕೈ ಇದು, ಬೇಡ ಎನ್ನುವಳು. ಅಯ್ಯಪ್ಪ ಡಾಕ್ಟರರ ಮಾತನ್ನು ನೆನಪಿಸಿದ. “ಮರಿಗೆ ಅಂದ್ರು ಅವರು. ಕೂಸಿಗೆ ಏನಂದಾರು?” ಎಂದಳು. ಅದಕ್ಕೆ ಇದ್ದ ಉತ್ತರ ಅವನಿಗೂ ಕಾಣಲಿಲ್ಲ.

ಆ ಹಂಗಾಮಿನಲ್ಲಿ ಕಡೆಗೆ ಈದದ್ದು ಕೆಂದಾಡು. ಅದು ಕಳಕವ್ವನದೇ ಆಡು, ಮದುವೆಯಲ್ಲಿ ಪುರ್ತಗೇರಿಯಿಂದ ಬಂದದ್ದು. ಮುಂಜಾನೆಯ ಬಿಸಿಲಿನಲ್ಲಿ ದಡ್ಡಿಯ ಬಾಗಿಲಲ್ಲೇ ಮರಿ ಹಾಕಿತು. ಹೊಳೆವ್ವ ಸುದ್ದಿ ಕೇಳಿ ಬಿಸಿನೀರಿನ ಚರಿಗೆ ಹಿಡಿದು ಓಡಿದಳು. ಎಷ್ಟೋ ದಿನಗಳ ಮೇಲೆ ಆಕೆಯ ದನಿ ಮೊದಲಿನಂತೆ ಎದ್ದಿತ್ತು. ಅಮೋಘಸಿದ್ದ ಮರಿಯ ಮೈ ಒರೆಸುತ್ತ ತಡಮಾಡುತ್ತಿದ್ದ.

“ಲಗೂ ತರ್ರಿ ಇತ್ಲಾಗ! ಮೈ ಆಮ್ಯಾಲೆ ಒರಸೀರಂತ.”

“ತಡಿಯ, ಇನ್ನೂ ನಿಂದರವಲ್ಲದು.”

“ನಿಂದರದಿದ್ರ ಎತ್ತಿ ಹಿಡೀರಿ. ತಾಯಿ ಮೊದಲಿನ ಹಾಲ ಹೊಟ್ಟ್ಯಾಗ ಬೀಳದಿದ್ರ ಭೇದಿ ಹತ್ತಿ ಸಾಯ್ತೈತಿ. ಎಷ್ಟ ಸರ್ತಿ ಹೇಳಬೇಕ್ರಿ ನಿಮಗ?”

ಮರಿಯನ್ನು ಕಿತ್ತುಕೊಂಡು ಕೆಚ್ಚಲಿಗೆ ಹಿಡಿದಳು. ಮೊಲೆ ಹಿಂಡಿ ಮೊದಲ ಹನಿ ಅದರ ಬಾಯಿಗೆ ಬಿಟ್ಟಳು. ದಪ್ಪಗೆ, ಹಳದಿಯಾಗಿ, ಅಂಟಂಟಾಗಿ ಬಂತು. ಹೊಳೆವ್ವನ ಬೆರಳಿಗೆ ಹತ್ತಿತು. ಆಕೆ ಆ ಬೆರಳನ್ನು ನೋಡಿದಳು. ನೋಡುತ್ತಲೇ ಇದ್ದಳು.

ಕಳಕವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ತನ್ನ ತವರಿನ ಆಡು ಎಂದು ಎದ್ದು ಬಂದವಳು ಅತ್ತೆಯ ಮಾತನ್ನೆಲ್ಲ ಕೇಳಿದ್ದಳು. ಅವಳ ಕೈ ಎದೆಯ ಕಟ್ಟಿನ ಮೇಲಿತ್ತು. ಅತ್ತೆ ತಲೆ ಎತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಅತ್ತಿ,” ಎಂದಳು ಕಳಕವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. “ಮರೀನರ ಬುಟ್ಯಾಗ ಮುಚ್ಚತಿದ್ವಿ. ಅದು ಒಳಗ ಒದರತಿತ್ತು, ತಾಯಿ ಹೊರಗ ಹಗ್ಗ ಜಗ್ಗತಿತ್ತು. ನನ್ನ ಕೂಸಿನ ಮ್ಯಾಲೆ ಬುಟ್ಟಿ ಇದ್ದಿಲ್ರಿ. ನನ್ನ ಕೊಳ್ಳಾಗ ಹಗ್ಗಾ ಇದ್ದಿಲ್ಲ. ನನ್ನ ಮಗ್ಗಲದಾಗ ಮಲಗಿತ್ತು.”

ಅಮೋಘಸಿದ್ದ ಇಬ್ಬರ ಮುಖವನ್ನೂ ನೋಡಿ, ಕಡೆಗೆ ತಾನೂ ಅರ್ಥ ಮಾಡಿಕೊಂಡು, ತಲೆಯ ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡ.

“ನನಗ ಹೊಳೀಲಿಲ್ಲ ಯವ್ವಾ,” ಎಂದಳು ಹೊಳೆವ್ವ ಕಡೆಗೆ. “ಓಣಿಗೆಲ್ಲಾ ಹೇಳಿದೆ. ನನ್ನ ಕೈಯಾರೆ ಗ್ವಾಡಿಗೆ ಹಿಂಡಿದೆ. ನನಗ ಹೊಳೀಲಿಲ್ಲ.”

“ನನಗೂ ಹೊಳೀಲಿಲ್ರಿ,” ಎಂದಳು ಕಳಕವ್ವ. “ನಾ ಹಡದಾಕಿ. ಎದಿ ಸೋರತಿತ್ತು. ನನಗೂ ಹೊಳೀಲಿಲ್ಲ.”

ಹೊಳೆವ್ವ ಅಲ್ಲೇ ಹಿಕ್ಕೆಯ ನೆಲದಲ್ಲಿ ಕುಸಿದು ಕೂತಳು. ಆದರೆ ಮರಿಯ ಗದ್ದದ ಕೆಳಗಿಟ್ಟ ಕೈಯನ್ನು ತೆಗೆಯಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತ ಗಿಣ್ಣ ಕುಡಿಯುತ್ತಿತ್ತು. ಕಳಕವ್ವ ಅದು ಹೊಟ್ಟೆ ತುಂಬ ಕುಡಿದು ಮುಗಿಸುವ ತನಕ ಬಾಗಿಲಲ್ಲೇ ನಿಂತು ನೋಡಿದಳು.